ಎತ್ತುವವರ ಪಟ್ಟಿ

ನಲವತ್ತಮೂರು ಕೆಜಿ. ಮಧುಶ್ರೀಯ ತೂಕ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರಿನ್ಸಿಪಾಲರಿಗೆ ಗೊತ್ತಿತ್ತು, ವಾಚ್‌ಮನ್‌ಗೆ ಗೊತ್ತಿತ್ತು, ಅವಳ ಜೊತೆ ಓದುತ್ತಿದ್ದ ಇಪ್ಪತ್ತಮೂರು ಜನಕ್ಕೂ ಗೊತ್ತಿತ್ತು. ಬೇರೆ ಯಾವ ಹುಡುಗಿಯ ತೂಕವನ್ನಾದರೂ ಹೀಗೆ ಬಾಯಿಗೆ ಬಂದಂತೆ ಆಡಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ಇವಳದು ಮಾತ್ರ ಸಾರ್ವಜನಿಕ ಮಾಹಿತಿ. ಹಬ್ಬ ಮುಗಿಸಿಕೊಂಡು ಊರಿಂದ ಬಂದ ದಿನ ಮೆಟ್ಟಿಲ ಬುಡದಲ್ಲಿ ಅವಳ ಕುರ್ಚಿಗೆ ಕೈ ಹಾಕುತ್ತ ಹುಡುಗರು, ಒಬ್ಬಟ್ಟು ಜಾಸ್ತಿ ಆಗೈತೆ, ಎರಡು ಕೆಜಿ ಏರವ್ಳೆ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ನಾನು ಆ ಕಾಲೇಜಿನ ಗ್ರಂಥಪಾಲಕ, ಸಿದ್ದಗಂಗಯ್ಯ. ಶಿರಾದ ಹೊರಗೆ ಹೈವೇಯ ಸರ್ವಿಸ್ ರಸ್ತೆಯಲ್ಲಿರುವ ಫಿಸಿಯೋಥೆರಪಿ ಕಾಲೇಜು ಅದು. ಮೊದಲು ಕಲ್ಯಾಣ ಮಂಟಪವಾಗಿತ್ತು. ಊರಿಗೆ ಹೊಸ ಮಂಟಪಗಳು ಬಂದು ಮದುವೆಗಳೆಲ್ಲ ಅತ್ತ ಹೋದ ಮೇಲೆ ಟ್ರಸ್ಟಿನ ಅಧ್ಯಕ್ಷ ಪರ್ವತಯ್ಯನವರು ವಿದ್ಯಾದಾನಕ್ಕೆ ಮನಸ್ಸು ಮಾಡಿದರು. ಗಂಡಿನ ಕಡೆಯವರ ಕೋಣೆ ಪ್ರಿನ್ಸಿಪಾಲರ ಛೇಂಬರಾಯಿತು. ಹೆಣ್ಣಿನ ಕಡೆಯವರ ಕೋಣೆ ಲೈಬ್ರರಿಯಾಯಿತು. ಮೇಲಿನ ಊಟದ ಹಾಲಿನಲ್ಲಿ ಒಂಬತ್ತು ಮಂಚ ಹಾಕಿ ಪ್ರಾಕ್ಟಿಕಲ್ ಹಾಲ್ ಎಂದು ಬೋರ್ಡು ಬರೆಸಿದರು. ಧಾರೆ ನಡೆಯುತ್ತಿದ್ದ ಕೆಳಗಿನ ಹಾಲು ಸೆಮಿನಾರ್ ಹಾಲ್ ಆಯಿತು. ಮಧುಶ್ರೀ ಓದಿದ ನಾಲ್ಕು ವರ್ಷದಲ್ಲಿ ಅಲ್ಲಿ ನಡೆದ ಸೆಮಿನಾರು ಎರಡು, ಪರ್ವತಯ್ಯನವರ ಬಂಧುಗಳ ನಿಶ್ಚಿತಾರ್ಥ ಏಳು. ಉಳಿದ ದಿನ ಬೀಗ. ಕೆಳಗಿನಿಂದ ಮೇಲಕ್ಕೆ ಇಪ್ಪತ್ತೆರಡು ಮೆಟ್ಟಿಲು.

ಕಟ್ಟಡಕ್ಕೆ ಒಂದು ಇಳಿಜಾರು ಇತ್ತು. ಹಿಂದುಗಡೆ, ಅಡುಗೆಮನೆ ಬಾಗಿಲಿಗೆ. ಗ್ಯಾಸ್ ಸಿಲಿಂಡರು, ಕೊಪ್ಪರಿಗೆ ತಳ್ಳಿಕೊಂಡು ಬರಲು ಮಾಡಿದ್ದು. ಕೊಪ್ಪರಿಗೆಗೆ ತೋರಿದ ಆ ಮರ್ಯಾದೆಯ ಉಪಕಾರದಿಂದ ಮಧುಶ್ರೀ ದಿನಾ ಬೆಳಿಗ್ಗೆ ಒಳಗೆ ಬರುತ್ತಿದ್ದಳು.

ಮಿಡಿಗೇಶಿಯವಳು. ತಾಯಿ ಗಂಗರತ್ನಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಎಂಟನೇ ವಯಸ್ಸಿನಲ್ಲಿ ಹುಣಸೆ ಮರದಿಂದ ಬಿದ್ದು ಮಧುಶ್ರೀಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಸರ್ಕಾರಿ ಕೋಟಾದಲ್ಲಿ, ಒಳ್ಳೆಯ ರ‍್ಯಾಂಕಿನಲ್ಲಿ ಸೀಟು ತೆಗೆದುಕೊಂಡು ಬಂದಳು. ಮಧುಗಿರಿ ಬಿಟ್ಟರೆ ಪಾವಗಡದ ತನಕ ಕೈಕಾಲು ನೀವಿ ಎಬ್ಬಿಸಿ ನಿಲ್ಲಿಸುವವರು ಯಾರೂ ಇಲ್ಲ, ಊರಲ್ಲೇ ಒಂದು ಕೋಣೆ ಮಾಡಿ ಕೂರುತ್ತೇನೆ ಅನ್ನುತ್ತಿದ್ದಳು. ಕೆಳಗಿನ ಹೊರರೋಗಿ ವಿಭಾಗದಲ್ಲಿ ಅವಳ ಕೈಗೆ ಹೆಸರಿತ್ತು. ವರ್ಷಗಟ್ಟಲೆ ಗಾಲಿ ತಳ್ಳಿದ ಕೈ. ಲಕ್ವ ಹೊಡೆದು ಎಡಗೈ ಮುದುಡಿಕೊಂಡಿದ್ದ ಕೊರಟಗೆರೆಯ ಚಿಕ್ಕಹನುಮಕ್ಕ ಎಂಬ ಮುದುಕಿ, ಮೇಷ್ಟ್ರು ಬಂದು ಕೈ ಹಿಡಿದರೆ ಕೊಸರಿಕೊಳ್ಳುತ್ತಿದ್ದಳು. ಆ ಗಾಡಿ ಹುಡ್ಗಿ ಕರೀರಿ, ಅದ್ಕೆ ನೋವು ಗೊತ್ತು ಅನ್ನುತ್ತಿದ್ದಳು. ಎರಡು ತಿಂಗಳಲ್ಲಿ ಆ ಕೈ ಲೋಟ ಹಿಡಿಯಿತು.

ಮಹಡಿಯ ಮೇಲಿನ ಕತೆ ಬೇರೆ.

ಮೊದಲ ವಾರವೇ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಬಂತು. ಸೋಮವಾರ ಯಾರು, ಮಂಗಳವಾರ ಯಾರು, ಮುಂದಿನ ಚಕ್ರಕ್ಕೆ ಯಾರು, ಹಿಂದಕ್ಕೆ ಯಾರು. ಮೇಲೆ ಕೆಂಪಕ್ಷರದಲ್ಲಿ 'ಮಾನವೀಯ ಸೇವೆ'. ಹಾಸ್ಟೆಲಿನ ಕಸ ಗುಡಿಸುವ ಪಟ್ಟಿ ಅದರ ಪಕ್ಕದಲ್ಲೇ ಇತ್ತು. ಎರಡನೇ ವರ್ಷದ ಕಾಲೇಜು ಪುಸ್ತಿಕೆಯಲ್ಲಿ ಫೋಟೋ ಬಂತು. ನಾಲ್ಕು ಜನ ನಗುತ್ತ ಕುರ್ಚಿ ಎತ್ತಿದ್ದಾರೆ, ಮೇಲೆ ಕೂತವಳು ನಗುತ್ತಿದ್ದಾಳೆ, ಕೆಳಗೆ 'ನಾವು ಕಲಿಸುವುದು ಕರುಣೆ' ಎಂಬ ಸಾಲು. ಆ ವರ್ಷ ಅರ್ಜಿಗಳು ಜಾಸ್ತಿ ಬಂದವು.

ರೋಗಿಯನ್ನು ಗಾಲಿಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕುರ್ಚಿಗೆ ಸಾಗಿಸುವುದು ಈ ವಿದ್ಯೆಯ ಮುಖ್ಯ ಪಾಠ. ಬೇರೆ ಕಡೆ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ರೋಗಿ ಎಂದುಕೊಂಡು ಎತ್ತಿ ಕಲಿಯುತ್ತಾರಂತೆ. ನಮ್ಮಲ್ಲಿ ಆ ನಟನೆಯ ಅಗತ್ಯ ಬೀಳಲಿಲ್ಲ. ಇಪ್ಪತ್ತಮೂರು ಜನ ಅವಳ ಮೈಮೇಲೆ ಕಲಿತರು. ಕಂಕುಳಿಗೆ ಕೈ. ಮಂಡಿ ಕೆಳಗೆ ಕೈ. ಒಂದು, ಎರಡು, ಮೂರು, ಎತ್ತು. ತಪ್ಪಾಯಿತು, ಇಳಿಸು, ಮತ್ತೆ ಎತ್ತು. ಟಾಪು ಮೇಲೇರಿದರೆ ಎಳೆದುಕೊಳ್ಳಲು ಅವಳಿಗೆ ಕೈ ಬಿಡುವಿರುತ್ತಿರಲಿಲ್ಲ. ಎತ್ತುವವನ ಕುತ್ತಿಗೆ ಹಿಡಿದುಕೊಂಡಿರಬೇಕಿತ್ತು. ಒಂದು ಮಧ್ಯಾಹ್ನಕ್ಕೆ ನಲವತ್ತಾರು ಸಲ ಎತ್ತಿಸಿಕೊಂಡ ದಿನವೂ ಇದೆ. ಎತ್ತುವ ಸರದಿ ಮಾತ್ರ ಅವಳಿಗೆ ಬರಲಿಲ್ಲ. ಹಲಗೆ ಜಾರಿಸಿ, ಕೂತಲ್ಲಿಂದಲೇ ರೋಗಿಯನ್ನು ಮಂಚಕ್ಕೆ ಸರಿಸುವ ಕ್ರಮ ಪುಸ್ತಕದಲ್ಲೇ ಇದೆ ಎಂದು ತೋರಿಸಿದಳು. ನಿನಗ್ಯಾಕಮ್ಮ ತೊಂದರೆ ಎಂದು ಹತ್ತಕ್ಕೆ ಆರು ಹಾಕಿ ಕಳಿಸಿದರು.

ಮೇಲಿನ ಶೌಚಾಲಯದ ಬಾಗಿಲು ಕುರ್ಚಿಗಿಂತ ಕಿರಿದು. ಹಾಗಾಗಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಅವಳು ನೀರು ಕುಡಿಯುತ್ತಿರಲಿಲ್ಲ. ಏಪ್ರಿಲ್‌ನಲ್ಲೂ. ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂತು. ಹಾಜರಾತಿ ಕಡಿಮೆಯಾಯಿತೆಂದು ಅವಳಿಗೇ ನೋಟಿಸ್ ಬಂತು.

ಪ್ರಿನ್ಸಿಪಾಲ್ ಪ್ರಭುದೇವ್ ಪಾಠ ಚೆನ್ನಾಗಿ ಮಾಡುತ್ತಿದ್ದರು. ಅದನ್ನು ಹೇಳಲೇಬೇಕು. ಗಾಲಿಕುರ್ಚಿಯವರಿಗೆ ಕಟ್ಟಡ ಹೇಗಿರಬೇಕು ಎಂಬ ಪಾಠದ ದಿನ ನಾನು ಪ್ರೊಜೆಕ್ಟರ್ ಹಚ್ಚಲು ಹೋಗಿದ್ದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು. ಎರಡೂ ಕಡೆ ಹಿಡಿಕೆ. ಬಾಗಿಲು ಇಷ್ಟಗಲ. ಮಧುಶ್ರೀ ಬಿಡಿಸಿದ ಚಿತ್ರಕ್ಕೆ ಹತ್ತಕ್ಕೆ ಹತ್ತು ಬಂತು, ಉಳಿದವರಿಗೆ ತೋರಿಸಿ ಹೊಗಳಿದರು. ಪಾಠ ನಡೆದದ್ದು ಮೇಲಿನ ಹಾಲಿನಲ್ಲಿ. ಮುಗಿದ ಮೇಲೆ ಬುಧವಾರದ ನಾಲ್ಕು ಜನ ಅವಳನ್ನು ಕೆಳಗಿಳಿಸಿದರು.

ಮೂರನೇ ವರ್ಷ ಮಾನ್ಯತೆಯ ಪರಿಶೀಲನೆಗೆ ತಂಡ ಬಂದಾಗ ಮುಂಬಾಗಿಲ ಮೂರು ಮೆಟ್ಟಿಲಿಗೆ ಶಾಮಿಯಾನದ ಅಂಗಡಿಯಿಂದ ಮರದ ಇಳಿಜಾರು ಬಾಡಿಗೆಗೆ ಬಂತು. ಹಸಿರು ಕಾರ್ಪೆಟ್ಟು, ಚೆಂಡುಹೂವಿನ ಹಾರ ಸಮೇತ. ತಂಡದವರು ಅದರ ಮೇಲೆ ನಡೆದೇ ಒಳಗೆ ಬಂದರು, ಮೆಚ್ಚಿದರು. ಮೇಲಿನ ಹಾಲಿನ ವಿಷಯ ಬಂದಾಗ ಲಿಫ್ಟಿಗೆ ಆರ್ಡರ್ ಕೊಟ್ಟಿದೆ ಎಂದು ಒಂದು ಕಾಗದ ತೋರಿಸಿದರು. ಊಟಕ್ಕೆ ಎದ್ದ ಹೊತ್ತಿಗೆ ಶಾಮಿಯಾನದ ಸಾಬರು ಬಂದು, ಗೌಡಗೆರೆಲಿ ನಾಳೆ ಶಾದಿ ಐತೆ, ಜಲ್ದಿ ಬಿಚ್ಚಬೇಕು ಎಂದು ಮೊಳೆ ಕೀಳತೊಡಗಿದರು. ನನಗೆ ನಗು ಬಂತು. ಮಧುಶ್ರೀಯ ಕಡೆ ನೋಡಿದೆ. ಅವಳು ಹಲಗೆಗಳನ್ನು ಆಟೋಗೆ ತುಂಬುವುದನ್ನು ಕೊನೆಯ ತನಕ ನೋಡುತ್ತಿದ್ದಳು.

ಮಾರನೇ ದಿನ ಲೈಬ್ರರಿಗೆ ಬಂದು ಏನಾದರೂ ಕಾನೂನು ಇದೆಯಾ ಎಂದು ಕೇಳಿದಳು. ಇತ್ತು. ಎರಡು ಸಾವಿರದ ಹದಿನಾರರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ತರಿಸಿ ನಾಲ್ಕು ವರ್ಷವಾಗಿದ್ದರೂ ಒಬ್ಬರೂ ಮುಟ್ಟಿರಲಿಲ್ಲ. ಎರಡು ವಾರ ಅದನ್ನೇ ಓದಿದಳು. ಆಮೇಲೆ, ಸರ್, ಇದು ನಮ್ ಕಾಲೇಜಿಗೂ ಅನ್ವಯಿಸ್ತದಾ ಅಂದಳು. ಶಿರಾ ಇಂಡಿಯಾದಲ್ಲಿರೋ ತನಕ ಅನ್ವಯಿಸ್ತದಮ್ಮ ಅಂದೆ. ಚೆನ್ನಾಗಿ ಹೇಳಿದೆ ಅನ್ನಿಸಿತು. ಆ ಮಾತನ್ನು ಆಮೇಲೆ ಒಂದಿಬ್ಬರಿಗೆ ಹೇಳಿಯೂ ಕೊಂಡೆ.

ಅವಳು ಕೇಳಿದ್ದು ದೊಡ್ಡದೇನಲ್ಲ. ಲಿಫ್ಟು ಕೇಳಲಿಲ್ಲ. ಕೆಳಗೆ ಬೀಗ ಹಾಕಿರುವ ಸೆಮಿನಾರ್ ಹಾಲಿಗೆ ಆ ಒಂಬತ್ತು ಮಂಚ ಇಳಿಸಿ, ಸೆಮಿನಾರನ್ನು ಮೇಲೆ ಮಾಡಿಕೊಳ್ಳಿ ಅಂದಳು. ಅಷ್ಟೇ. ಪ್ರಿನ್ಸಿಪಾಲರು ನೋಡೋಣ ಅಂದರು. ಬರೆದುಕೊಟ್ಟಳು. ನೋಡೋಣ ಅಂದರು. ಮತ್ತೆ ಬರೆದುಕೊಟ್ಟಳು. ಎರಡನೆಯ ಕಾಗದವನ್ನು ಹಿಂದಿರುಗಿಸಿ, ಇಂಥದ್ದೆಲ್ಲ ಬಾಯಲ್ಲಿ ಹೇಳಬೇಕಮ್ಮ, ನಾವೆಲ್ಲ ಒಂದು ಕುಟುಂಬ ಅಂದರು.

ಕೊನೆಯ ವರ್ಷ ಬೆಂಗಳೂರಿನ ಅಂಗವಿಕಲರ ಆಯುಕ್ತರ ಕಚೇರಿಗೆ ಅರ್ಜಿ ಹೋಯಿತು. ಬರೆದವಳು ಲೋಹಿತಾ. ಪಾವಗಡದ ಕಡಲೆಕಾಯಿ ಮಂಡಿಯವರ ಮನೆಯ ಹುಡುಗಿ, ಹಾಸ್ಟೆಲಿನಲ್ಲಿ ಮಧುಶ್ರೀಯ ಕೋಣೆಯವಳು. ಮಧುಶ್ರೀ ಅವಳಿಗೆ ನರಮಂಡಲದ ಪಾಠ ಹೇಳಿಕೊಡುತ್ತಿದ್ದಳು, ಅವಳು ಮಧುಶ್ರೀಯ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳುತ್ತಿದ್ದಳು. ಪಟ್ಟಿಯಲ್ಲಿ ಯಾವ ದಿನವಿದ್ದರೂ ಲೋಹಿತಾಳ ಹೆಸರು ಇದ್ದೇ ಇರುತ್ತಿತ್ತು, ತಾನಾಗಿ ಕೇಳಿ ಹಾಕಿಸಿಕೊಂಡಿದ್ದಳು. ಅವಳ ಅಕ್ಷರ ಅಚ್ಚು ಹಾಕಿದ ಹಾಗೆ. ನನ್ನ ಲೈಬ್ರರಿಯ ಮೇಜಿನ ಮೇಲೇ ಮಧುಶ್ರೀ ಹೇಳಿದಳು, ಲೋಹಿತಾ ಬರೆದಳು. ಕಲಮುಗಳ ಸಂಖ್ಯೆ ನಾನು ಸರಿಪಡಿಸಿಕೊಟ್ಟೆ. ಮೂವರೂ ಕಾಫಿ ಕುಡಿದೆವು.

ಮೂರು ತಿಂಗಳಿಗೆ ಆ ಕಚೇರಿಯಿಂದ ಕಾಲೇಜಿಗೆ ನೋಟಿಸು ಬಂತು. ನಿಮ್ಮ ಉತ್ತರ ಕೊಡಿ ಎಂದು.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ನೀವು ಓದಿಕೊಂಡವರು, ಕಾಲೇಜಿನ ಪರವಾಗಿ ಈ ಕಾಯ್ದೆಯಲ್ಲಿ ಏನಾದರೂ ಇದ್ದರೆ ನೋಡಿ ಅಂದರು. ನೋಡಿದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಸಂಸ್ಥೆಯವರು ಅಂಗವಿಕಲರಿಗೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು, ಆದರೆ ಅದರಿಂದ ಸಂಸ್ಥೆಯ ಮೇಲೆ ಅನುಚಿತ ಹೊರೆ ಬೀಳಬಾರದು. ಹೊರೆ ಎಂಬ ಆ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಟ್ಟೆ. ಹುಡುಕಿದ್ದು ಸಿಕ್ಕಿದಾಗ ಆಗುವ ಖುಷಿ ಆಗಲೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

ಆ ವಾರ ಮಧುಶ್ರೀ ಜ್ವರ ಎಂದು ಮಿಡಿಗೇಶಿಗೆ ಹೋಗಿದ್ದಳು. ಪ್ರಿನ್ಸಿಪಾಲರು ಕೊನೆಯ ವರ್ಷದ ಕ್ಲಾಸಿಗೆ ಹೋಗಿ, ಈ ಕೇಸಿನಿಂದ ಕಾಲೇಜಿನ ಮಾನ್ಯತೆ ಹೋದರೆ ಇಪ್ಪತ್ನಾಲ್ಕು ಜನರ ಡಿಗ್ರಿಯೂ ಹೋಗುತ್ತದೆ ಎಂದು ತಿಳಿಸಿದರು. ಯಾರಿಗೂ ಬಲವಂತವಿಲ್ಲ ಎಂದು ಹೇಳಿ ಬಾಗಿಲು ಹಾಕಿಸಿದರು. ಅರ್ಧ ಗಂಟೆ ಬಿಟ್ಟು ಬಾಗಿಲು ತೆಗೆಯಿತು.

ಕಾಲೇಜಿನ ಉತ್ತರದ ಪ್ರತಿ, ಕಚೇರಿಯ ಮೂಲಕ, ಪರೀಕ್ಷೆಗೆ ಹತ್ತು ದಿನ ಇರುವಾಗ ಮಧುಶ್ರೀಯ ಕೈಗೆ ಬಂತು. ಹದಿನೈದು ದಿನದೊಳಗೆ ನಿಮ್ಮ ಮಾತೇನಾದರೂ ಇದ್ದರೆ ತಿಳಿಸಿ ಎಂದು ಮೇಲೊಂದು ಪತ್ರವಿತ್ತು. ಲೈಬ್ರರಿಯಲ್ಲಿ ಕೂತು ಬಿಚ್ಚಿದಳು. ಮೂರು ಪುಟ ಟೈಪ್ ಮಾಡಿದ್ದು. ಅದರ ಹಿಂದೆ ಕೈಬರಹದ ಒಂದು ಹಾಳೆ.

'ಮಧುಶ್ರೀಯನ್ನು ನಾವು ನಮ್ಮ ಸ್ವಂತ ಸಹೋದರಿಯಂತೆ ಪ್ರೀತಿಯಿಂದ ಎತ್ತಿಕೊಂಡು ಹೋಗುತ್ತಿದ್ದೇವೆ. ಇದರಿಂದ ನಮಗೆ ಯಾವ ತೊಂದರೆಯೂ ಇಲ್ಲ. ಆಕೆಯೂ ನಗುನಗುತ್ತಲೇ ಬರುತ್ತಾಳೆ. ಬೇರೆ ವ್ಯವಸ್ಥೆಯ ಅಗತ್ಯವಿಲ್ಲ.'

ಕೆಳಗೆ ಇಪ್ಪತ್ತಮೂರು ಸಹಿ. ಅಕ್ಷರ ಅಚ್ಚು ಹಾಕಿದ ಹಾಗೆ.

ಅವಳು ಹಾಳೆಯನ್ನು ಮೇಜಿನ ಮೇಲೆ ಹರವಿ ಅಂಗೈಯಿಂದ ಮಡಿಕೆ ನೀವಿದಳು. ಆಮೇಲೆ ಫೋನು ಮಾಡಿ ಲೋಹಿತಾಳನ್ನು ಕರೆದಳು. ಲೋಹಿತಾ ಬಂದಳು, ಹಾಳೆ ನೋಡಿದಳು, ನಿಂತೇ ಇದ್ದಳು.

"ಅರ್ಜಿನೂ ನೀನೇ ಬರ್ದಿದ್ದೆ" ಅಂದಳು ಮಧುಶ್ರೀ.

"ನೀನು ಹೇಳ್ದೆ, ಬರ್ದೆ. ಪ್ರಿನ್ಸಿಪಾಲ್ರು ಹೇಳಿದ್ರು, ಬರ್ದೆ." ಲೋಹಿತಾ ಹಾಳೆಯನ್ನು ಮಧುಶ್ರೀಯ ಕಡೆಗೆ ಸರಿಸಿದಳು. "ನಮ್ಮಪ್ಪ ಒಂದೇ ಮಾತು ಅಂದ್ರು ಕಣೇ, ಡಿಗ್ರಿ ಕೈಗೆ ಬರ್ಲಿಲ್ಲ ಅಂದ್ರೆ ಮುಂದಿನ ತಿಂಗಳೇ ಮದುವೆ ಅಂತ. ಅಷ್ಟಕ್ಕೂ ಇದ್ರಲ್ಲಿ ಸುಳ್ಳೇನಿದೆ ಹೇಳು. ನಾಲ್ಕು ವರ್ಷ ಎತ್ತಿಲ್ವಾ? ಒಂದಿನ ಮುಖ ಸಿಂಡರಿಸಿದೀನಾ ನಾನು?"

"ಇಲ್ಲ."

"ಮತ್ತೆ?"

"ನಾನು ನಗ್ತೀನಿ ಅಂತ ಬರ್ದಿದೀಯ." ಮಧುಶ್ರೀ ಆ ಸಾಲಿನ ಮೇಲೆ ಬೆರಳಿಟ್ಟಳು. "ಮೊದಲ್ನೇ ವರ್ಷ ಹದಿನಾಲ್ಕನೇ ಮೆಟ್ಲಲ್ಲಿ ಕೈ ಬಿಟ್ರಲ್ಲ, ಅವತ್ತಿಂದ ನಗ್ತೀನಿ. ಸಿಟ್ಟು ಮಾಡ್ಕೊಂಡ್ರೆ ಮತ್ತೆ ಬೀಳುಸ್ಬುಟ್ರೆ ಅಂತ ಭಯಕ್ಕೆ ನಗ್ತೀನಿ. ಅದ್ನ ನಿಂಗೊಬ್ಳಿಗೇ ಹೇಳಿದ್ದು ಕಣೇ."

ಲೋಹಿತಾ ಅಳತೊಡಗಿದಳು. ಮಧುಶ್ರೀ ಅವಳ ಕಡೆ ನೋಡಲಿಲ್ಲ. ಟೈಪ್ ಮಾಡಿದ ಮೂರನೇ ಪುಟ ತಿರುಗಿಸಿ ನನ್ನ ಮುಂದಿಟ್ಟಳು. ಅನುಚಿತ ಹೊರೆ ಎಂದಿತ್ತು.

"ಇದು ಯಾರು ಹುಡ್ಕಿದ್ದು ಸರ್? ನಿಮ್ಮ ರಿಜಿಸ್ಟರಲ್ಲಿ ಆ ಪುಸ್ತಕದ ಮುಂದೆ ನನ್ ಹೆಸರು ಬಿಟ್ರೆ ಇನ್ನೊಂದಿಲ್ಲ."

ಗ್ರಂಥಪಾಲಕ ಯಾರು ಕೇಳಿದರೂ ಹುಡುಕಿ ಕೊಡಬೇಕಮ್ಮ ಅಂದೆ. ಅದು ಸುಳ್ಳಲ್ಲ. ವೃತ್ತಿಧರ್ಮ.

"ಒಂಬತ್ತು ಮಂಚ ಒಂದ್ಸಲ ಕೆಳಕ್ಕೆ ಇಳ್ಸೋದು ಹೊರೆ. ನಾನು ನಾಲ್ಕು ವರ್ಷ ದಿನಾ ಏರಿ ಇಳ್ಯೋದು ಹೊರೆ ಅಲ್ಲ. ಚೆನ್ನಾಗಿ ಹುಡ್ಕಿ ಕೊಟ್ಟಿದೀರ."

ಕಾಗದಗಳನ್ನು ಜೋಡಿಸಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಅವತ್ತೇ ಹಾಸ್ಟೆಲಿನಲ್ಲಿ ಬೇರೆ ಕೋಣೆ ಕೇಳಿದಳಂತೆ. ಖಾಲಿಯಿದ್ದದ್ದು ಮಹಡಿಯ ಮೇಲೆ. ಹಾಗಾಗಿ ಹತ್ತು ದಿನ ಅದೇ ಕೋಣೆಯಲ್ಲಿ, ಲೋಹಿತಾಳ ಪಕ್ಕದ ಮಂಚದಲ್ಲಿ, ಮಾತಿಲ್ಲದೆ ಮಲಗಿದಳು. ಬೆನ್ನಿಗೆ ಹುಣ್ಣಾಗಿದೆಯೇ ಎಂದು ಕನ್ನಡಿ ಹಿಡಿದು ತಾನೇ ನೋಡಿಕೊಂಡಳು.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬಂದಿದ್ದರು, ಭುವನಾ ಮೇಡಂ, ಬೇರೆ ಜಿಲ್ಲೆಯವರು. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಮೇಲೆ ಇರಬೇಕು. ಹಾಜರಿ ಹಾಳೆಯ ಕೆಲಸ ನನಗೆ ಹಚ್ಚಿದ್ದರು. ತಪ್ಪಿಸಿಕೊಂಡರೆ ಒಂದು ವರ್ಷ ಹೋಯಿತು, ಡಿಗ್ರಿ ಇಲ್ಲ, ಮಿಡಿಗೇಶಿಯ ಕೋಣೆಯೂ ಇಲ್ಲ. ಇದು ಮಧುಶ್ರೀಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವಳು ಅಡುಗೆಮನೆ ಬಾಗಿಲಿಂದ ಬಂದು ಮೆಟ್ಟಿಲ ಬುಡದಲ್ಲಿ ಕುರ್ಚಿ ನಿಲ್ಲಿಸಿದಳು. ಬಿಳಿ ಕೋಟು ಇಸ್ತ್ರಿ ಮಾಡಿತ್ತು. ಎರಡೂ ಗಾಲಿಗೆ ಬ್ರೇಕು ಹಾಕಿದಳು. ಪಟ್ಟಿಯ ಪ್ರಕಾರ ನಾಲ್ಕು ಜನ ಬಂದರು. ಎಲ್ಲರಿಗಿಂತ ಮೊದಲು ಬಂದವನು ಪಾವಗಡದ ಸುನೀಲ್‌ಕುಮಾರ್. ನಾಲ್ಕು ವರ್ಷದಿಂದ ಅವನ ಸರದಿಯ ದಿನ ಹಿಂದಿನ ಬಲಗಾಲಿ ಅವನದೇ.

"ರಾಮ್ಮಾ, ಟೈಮಾಯ್ತು" ಎಂದು, ಬಾರಮ್ಮ ಅನ್ನುವುದನ್ನು ತನ್ನೂರ ತೆಲುಗಿನಲ್ಲೇ ಅಂದು, ಬಗ್ಗಿದ.

"ಮುಟ್ಬ್ಯಾಡ ಸುನಿ."

ಅವನು ತಮಾಷೆ ಅಂದುಕೊಂಡ. ಏನಮ್ಮಾ, ಇವತ್ತು ನಮಗೆ ರಜಾನಾ ಎಂದು ನಕ್ಕ. ಉಳಿದವರೂ ನಕ್ಕರು. ಅವಳು ನಗಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಜಾಗದಲ್ಲಿ ಅವಳು ನಗದೆ ಕೂತಿದ್ದಳು. ಅವನು ಕೈ ಹಿಂದಕ್ಕೆ ತೆಗೆದ.

ಪ್ರಿನ್ಸಿಪಾಲರು ಇಳಿದು ಬಂದರು. ಇದು ಪರೀಕ್ಷೆಯ ದಿನ, ಹಠದ ದಿನವಲ್ಲ ಎಂದರು. ಮಧುಶ್ರೀ, ಪರೀಕ್ಷೆಗೇ ಬಂದಿದ್ದೇನೆ, ಒಂದು ಮಂಚ ಕೆಳಗೆ ತರಿಸಿ ಎಂದಳು. ಸೆಮಿನಾರ್ ಹಾಲಿಗೆ ಬೀಗವಿದೆ, ಕೀ ಅಧ್ಯಕ್ಷರ ಮನೆಯಲ್ಲಿದೆ ಎಂದರು. ಅಧ್ಯಕ್ಷರ ಮನೆ ಎದುರಿಗೇ ಇದೆ. ಅದನ್ನು ಅಲ್ಲಿದ್ದ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

"ಕೊನೇ ದಿನ ಇದು. ಒಂದೇ ಒಂದು ಸಲ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ" ಎಂದರು ಪ್ರಿನ್ಸಿಪಾಲರು.

"ಇವತ್ತು ಎತ್ತಿಸ್ಕೊಂಡು ಹೋದ್ರೆ ನೀವು ಬೆಂಗ್ಳೂರಿಗೆ ಕಳಿಸಿರೋ ಕಾಗ್ದ ನಿಜ ಆಗ್ತದೆ ಸರ್. ನಾನು ಬರಲ್ಲ."

ಅವರು ಫೋನು ತೆಗೆದು ಮಿಡಿಗೇಶಿಗೆ ಹಚ್ಚಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ನಿಮ್ಮ ಮಗಳು ಪರೀಕ್ಷೆ ಬಿಡುತ್ತಿದ್ದಾಳೆ, ವರ್ಷ ಹಾಳಾಗುತ್ತದೆ, ಸ್ವಲ್ಪ ಬುದ್ಧಿ ಹೇಳಿ ಎಂದು ಗಂಗರತ್ನಮ್ಮನಿಗೆ ತಿಳಿಸಿದರು. ಆ ಕಡೆ ಅಂಗನವಾಡಿಯ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಪರೀಕ್ಸೆ ಬ್ಯಾಡ ಅಂದ್ಲಾ, ಎತ್ತೋದು ಬ್ಯಾಡ ಅಂದ್ಲಾ ಸಾಮಿ?"

ಎತ್ತುವುದು ಬೇಡ ಅನ್ನುತ್ತಿದ್ದಾಳೆ ಎಂದರು.

"ನಾನು ಏಳು ವರ್ಸ ಎತ್ತಿವ್ನಿ ಸಾಮಿ, ಇಸ್ಕೂಲಿಗೆ, ಆಸ್ಪತ್ರೆಗೆ, ಎಲ್ಲದುಕ್ಕೂ. ಅವ್ಳು ದೊಡ್ಡೋಳಾಗಿ ಬ್ಯಾಡ ಕಣಮ್ಮ ಅಂದ ದಿನ ಇಳುಸ್ಬುಟ್ಟೆ. ನೀವೂ ಇಳುಸ್ಬುಡಿ."

ಫೋನು ಆ ಕಡೆಯಿಂದ ಕಟ್ಟಾಯಿತು.

ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಮೇಲೆ ಪರೀಕ್ಷಕರು ಕಾಯುತ್ತಿದ್ದಾರೆ, ಕುರ್ಚಿ ಸಮೇತ ಎತ್ರಯ್ಯ, ಮೇಲೆ ಹೋದರೆ ಸರಿಹೋಗ್ತಾಳೆ ಎಂದರು. ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬಗ್ಗಿದರು. ಹಿಂದಿನ ಎಡ ಹಿಡಿಕೆ ಲೋಹಿತಾಳದು. ಅವಳೂ ಬಗ್ಗಿದಳು. ಒಂದು, ಎರಡು, ಮೂರು ಎಂದು ಯಾರೋ ಅಭ್ಯಾಸಬಲದಿಂದ ಎಣಿಸಿದರು.

ಮಧುಶ್ರೀ ಕೂಗಲಿಲ್ಲ. ಕುರ್ಚಿ ನೆಲ ಬಿಟ್ಟಿತು, ನಾಲ್ಕು ಮೆಟ್ಟಿಲು ಏರಿತು. ಅಲ್ಲಿ ಅವಳು ಪಕ್ಕದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಆ ಕೈ ಹಿಡಿದದ್ದನ್ನು ಬಿಡಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ನಾಲ್ಕು ಜನ ಮೇಲಕ್ಕೆ ಎಳೆದರು. ಕುರ್ಚಿ ಮುಂದೆ ಹೋಯಿತು, ಅವಳ ಮೈ ಹಿಂದೆ ಉಳಿಯಿತು. ಸೊಂಟದ ಬೆಲ್ಟು ಹೊಟ್ಟೆಗೆ ಕಚ್ಚಿತು. ಕಾಲು ಎರಡೂ ಪಾದದ ಹಲಗೆಯಿಂದ ಜಾರಿ ಮೆಟ್ಟಿಲ ಅಂಚಿಗೆ ಬಡಿದವು. ಚಪ್ಪಲಿ ಉರುಳಿ ಕೆಳಗೆ ಬಂತು. ಬಿಡೇ, ಬಿಡೇ ಮಧು ಎಂದು ಲೋಹಿತಾ ಅನ್ನುತ್ತಿದ್ದಳು. ತಾನು ಹಿಡಿಕೆ ಬಿಟ್ಟಿರಲಿಲ್ಲ.

ಗಲಾಟೆಗೆ ಭುವನಾ ಮೇಡಂ ಮೆಟ್ಟಿಲ ತುದಿಗೆ ಬಂದು ನಿಂತರು. ಕೈಯಲ್ಲಿ ಅಂಕದ ಹಾಳೆ. ಏನಿದು ಎಂದರು.

ಮಧುಶ್ರೀ ಕತ್ತೆತ್ತಿದಳು. ಕಂಬಿ ಬಿಡಲಿಲ್ಲ.

"ಮೇಡಂ, ಪೇಷಂಟ್ ಬ್ಯಾಡ ಅಂದ್ಮೇಲೂ ಎತ್ತಿದ್ರೆ ಎಷ್ಟು ಮಾರ್ಕ್ಸ್ ಕೊಡ್ತೀರ?"

ಮೇಡಂ ಅವಳನ್ನು ನೋಡಿದರು, ನಾಲ್ಕು ಜನರನ್ನು ನೋಡಿದರು.

"ಸೊನ್ನೆ" ಎಂದರು.

"ಅಂಗಾದ್ರೆ ಈ ನಾಲ್ಕು ಜನಕ್ಕೂ ಹಾಕ್ಕಳಿ."

ಇಳಿಸಿ ಎಂದರು ಮೇಡಂ. ಇಳಿಸಿದರು. ಸುನೀಲ್‌ಕುಮಾರ್ ಚಪ್ಪಲಿ ತಂದು ಕಾಲಿಗೆ ಹಾಕಲು ಬಗ್ಗಿದ. ಅಲ್ಲೇ ಇಡು ಅಂದಳು. ತಾನೇ ಬಗ್ಗಿ, ಒಂದೊಂದು ಕಾಲನ್ನೂ ಕೈಯಲ್ಲೆತ್ತಿ ಹಲಗೆಯ ಮೇಲಿಟ್ಟುಕೊಂಡಳು. ಹಿಮ್ಮಡಿಯ ಚರ್ಮ ಕಿತ್ತಿತ್ತು. ಅವಳಿಗೆ ಅಲ್ಲಿ ನೋವು ಗೊತ್ತಾಗುವುದಿಲ್ಲ. ರಕ್ತ ನೋಡಿ ತಿಳಿದುಕೊಂಡಳು.

ಒಂದು ಮಂಚ ಕೆಳಗೆ ಬರುತ್ತದೆ ಎಂದು ನಾನು ಅಂದುಕೊಂಡೆ. ಆದರೆ ಮೇಡಂ, ಪರೀಕ್ಷೆಯ ಸ್ಥಳ ಬದಲಿಸುವ ಅಧಿಕಾರ ನನಗಿಲ್ಲ, ವಿಶ್ವವಿದ್ಯಾಲಯದ ಪತ್ರ ಬೇಕು, ಅಯಾಮ್ ಸಾರಿ ಎಂದು ಒಳಗೆ ಹೋದರು. ಸೊನ್ನೆ ಎಂಬ ಉತ್ತರ ಸರಿಯಾಗಿತ್ತು. ನಮ್ಮ ಕಾಲೇಜಿನಲ್ಲಿ ಉತ್ತರಗಳು ಯಾವಾಗಲೂ ಸರಿಯಾಗಿಯೇ ಇರುತ್ತವೆ.

ಮೇಲೆ ಪರೀಕ್ಷೆ ನಡೆಯಿತು. ಗಾಲಿಕುರ್ಚಿಯಿಂದ ಮಂಚಕ್ಕೆ. ರೋಗಿಯಾಗಲು ಮಧುಶ್ರೀ ಇಲ್ಲದ್ದರಿಂದ ಒಬ್ಬರನ್ನೊಬ್ಬರು ಎತ್ತಬೇಕಾಯಿತು. ಆಗ ಒಂದು ಸಂಗತಿ ಹೊರಬಿತ್ತು. ಅವರು ಕಲಿತದ್ದು ರೋಗಿಯನ್ನು ಎತ್ತುವುದನ್ನಲ್ಲ, ಮಧುಶ್ರೀಯನ್ನು ಎತ್ತುವುದನ್ನು. ನಲವತ್ತಮೂರು ಕೆಜಿ, ಕುತ್ತಿಗೆ ಹಿಡಿದುಕೊಂಡು ತಾನೇ ಮೈ ಹಗುರ ಮಾಡಿಕೊಡುವ ರೋಗಿ. ಎಪ್ಪತ್ತೆಂಟು ಕೆಜಿಯ ಸುನೀಲ್‌ಕುಮಾರ್ ಕುರ್ಚಿಗೂ ಮಂಚಕ್ಕೂ ನಡುವೆ ಧೊಪ್ಪೆಂದು ಕೂತ. ಮೊದಲಾಗಿದ್ದರೆ ಇದು ನನಗೆ ಒಂದು ತಿಂಗಳ ನಗುವಿಗೆ ಸಾಕಾಗುತ್ತಿತ್ತು. ಎಲ್ಲರೂ ಪಾಸಾದರು, ಅದು ಬೇರೆ ಮಾತು.

ಹತ್ತು ಗಂಟೆಗೆ ಪ್ರಿನ್ಸಿಪಾಲರು ಮೇಲೆ ಮೆಟ್ಟಿಲ ತುದಿಯಲ್ಲಿ ಹಾಕಿದ್ದ ನನ್ನ ಮೇಜಿನ ಬಳಿ ಬಂದು ಹಾಜರಿ ಹಾಳೆಯ ಮೇಲೆ ಬೆರಳಿಟ್ಟರು. ನಾನು ಕೂತ ಜಾಗದಿಂದ ಮೆಟ್ಟಿಲ ಬುಡ ಕಾಣುತ್ತಿತ್ತು. ಒಂದು ಗಾಲಿ, ಬಿಳಿ ಕೋಟಿನ ತೋಳು, ಕಂಬಿಯ ಮೇಲಿಟ್ಟ ಕೈ. ಕಣ್ಣಿಗೆ ಕಾಣುತ್ತಿದ್ದ ಹುಡುಗಿಯ ಹೆಸರಿನ ಮುಂದೆ ಗೈರು ಎಂದು ಬರೆದೆ. ನನ್ನ ಅಕ್ಷರವೂ ಚೆನ್ನಾಗಿದೆ.

ಅವಳು ಪರೀಕ್ಷೆ ಮುಗಿಯುವ ತನಕ, ಮಧ್ಯಾಹ್ನ ಒಂದೂವರೆಯವರೆಗೆ, ಅಲ್ಲೇ ಕೂತಿದ್ದಳು. ಇಳಿದು ಬಂದವರೆಲ್ಲ ಅವಳ ಪಕ್ಕದಲ್ಲಿ, ಗೋಡೆಗೆ ಒತ್ತಿಕೊಂಡು ಹಾದುಹೋದರು. ನಾನು ಕೊನೆಗೆ ಇಳಿದೆ.

"ಏನಂತ ಹಾಕಿದ್ರಿ ಸರ್?"

ಹೇಳಿದೆ.

ಅವಳು ನನ್ನ ಹಿಂದೆಯೇ ಲೈಬ್ರರಿಗೆ ಬಂದು ಬಿಳಿ ಹಾಳೆ ಕೇಳಿದಳು. ಒಂದು ಗಂಟೆ ಬರೆದಳು. ಅವಳ ಅಕ್ಷರ ಚೆನ್ನಾಗಿಲ್ಲ, ಗಾಲಿ ತಳ್ಳಿ ಬೆರಳು ದಪ್ಪವಾಗಿವೆ, ಸಾಲು ಮೇಲೆ ಕೆಳಗೆ ಹೋಗುತ್ತದೆ. ಕೊನೆಯ ಸಾಲಿಗೆ ಅವಳ ಪೆನ್ನಿನ ಶಾಯಿ ತೀರಿತು, ಸಹಿ ಹಾಕದೆಯೇ ನನ್ನ ಕಡೆ ತಳ್ಳಿದಳು.

"ಓದಿ ಸರ್. ತಪ್ಪಿದ್ರೆ ಹೇಳಿ."

ಬೆಂಗಳೂರಿನ ಕಚೇರಿಗೆ ಅವಳ ಉತ್ತರ. ಎಷ್ಟು ಸಲ ಎತ್ತಿದರು, ಎಲ್ಲಿ ಕೈ ಹಾಕಿ ಎತ್ತಿದರು, ಎಷ್ಟು ಗಂಟೆ ನೀರು ಕುಡಿಯಲಿಲ್ಲ, ಎಷ್ಟನೇ ಮೆಟ್ಟಿಲಲ್ಲಿ ಕೈಬಿಟ್ಟರು, ಯಾಕೆ ನಗುತ್ತಿದ್ದಳು. ಪ್ರಿನ್ಸಿಪಾಲರ ಹೆಸರು, ಲೋಹಿತಾಳ ಹೆಸರು. ಬೈಗುಳ ಒಂದೂ ಇರಲಿಲ್ಲ. ಎರಡನೆಯ ಪುಟದ ಕೊನೆಗೆ ನಾನಿದ್ದೆ. 'ಗ್ರಂಥಪಾಲಕ ಸಿದ್ದಗಂಗಯ್ಯನವರು ನನಗೆ ಕಾಯ್ದೆಯ ಪುಸ್ತಕ ಕೊಟ್ಟರು. ಅದರಲ್ಲಿ ಹೊರೆ ಎಂಬ ಪದ ಹುಡುಕಿ ಕಾಲೇಜಿಗೆ ಕೊಟ್ಟರು. ಇಂದು ಮೆಟ್ಟಿಲ ಕೆಳಗೆ ನಾನು ಕೂತಿರುವುದನ್ನು ನೋಡಿ, ಗೈರು ಎಂದು ಬರೆದರು. ಮೂರೂ ನಿಜ.'

ಎರಡು ಸಲ ಓದಿದೆ. ತಪ್ಪಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದೆ. ಕೆಲಸ ಹೋದರೆ ಹೋಗಲಿ ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅನ್ನಿಸಿತ್ತು.

"ಸಾಕ್ಷಿ ಅಂತ ನಾನೊಂದು ಸಹಿ ಹಾಕ್ಲೇನಮ್ಮ?"

ಅವಳು ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡಳು.

"ಬ್ಯಾಡ ಸರ್. ನನ್ ಬಗ್ಗೆ ಸಹಿ ಹಾಕೋರು ಭಾಳ ಜನ ಆಗ್ಬುಟ್ರು. ಪೆನ್ ಕೊಡಿ, ಸಾಕು."

ಕೊಟ್ಟೆ.